ಹಿಮದ ನಾಡಿನಲ್ಲಿ ಬಾಳೆ



ನಮ್ಮ ಮನೆಗಳಲ್ಲಿ ಬಾಳೆಯನ್ನು ಬೆಳೆಸುವುದನ್ನು ಒಂದು ವಿದ್ಯೆಯೆಂದು ಯಾರೂ ಎಣಿಸುವುದಿಲ್ಲ. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಒಂದು ಕಂದನ್ನು ನೆಟ್ಟರೆ ಉಳಿದುದನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಇಂಗ್ಲೆಂಡಿನ ಉತ್ತರಭಾಗದಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯರೊಬ್ಬರಿಗೆ, ಹಿತ್ತಿಲಿನಲ್ಲಿ ಒಂದು ಬಾಳೆಯನ್ನು ಕಾಣಬೇಕೆಂಬ ಹಂಬಲ ಹುಟ್ಟಿತು. ಗಾಜಿನ ಮನೆಯನ್ನು ಕಟ್ಟುವಷ್ಟು ಜಾಗವಾಗಲಿ ಹಣವಾಗಲಿ ಅವರಿಗೆ ಇರಲಿಲ್ಲ. ಅವರು ಬರೆದ ಪತ್ರಗಳೇ ಈ ಭಾಷಣಕ್ಕೆ ಪ್ರೇರಣೆ.

ಅವರು ಆರಿಸಿಕೊಂಡುದು ಜಪಾನೀ ಬಾಳೆ. ಸಸ್ಯಶಾಸ್ತ್ರದಲ್ಲಿ ಮೂಸಾ ಬಸ್ಜೂ. ಇದರ ನಿಜವಾದ ತವರು ಚೀನ. ಜಪಾನಿನಲ್ಲಿ ಅಂದಕ್ಕಾಗಿಯೂ ನಾರಿಗಾಗಿಯೂ ಬೆಳೆಸಿದುದರಿಂದ ಆ ಹೆಸರು ಬಂದಿತು. ಹಣ್ಣು ತಿನ್ನಲು ಬಾರದು. ಎಲೆಯನ್ನು ನೋಡಿ ಊಟವನ್ನು ನೆನೆಯಬಹುದು, ಅಷ್ಟೆ! ಮೊದಲ ಚಳಿಗಾಲದಲ್ಲಿ ಅವರು ಮಗುವಿಗೆ ಕಂಬಳಿ ಹೊದಿಸುವಂತೆ ಗಿಡಕ್ಕೆ ಬುಡದಿಂದ ತುದಿಯವರೆಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರು. ಮಾರ್ಚಿಯಲ್ಲಿ ಬಿಚ್ಚಿದಾಗ ಕಂಬವೂ ಗೆಡ್ಡೆಯೂ ಕೊಳೆತು ನಾರುತ್ತಿದ್ದುವು. ಚಳಿಯೇ ಕೊಂದಿತೆಂದು ಅವರು ಬರೆದರು. ನನಗೆ ಹಾಗೆ ತೋರಲಿಲ್ಲ.

ಕಂಬಳಿ ತಾನಾಗಿ ಶಾಖವನ್ನು ಕೊಡತಕ್ಕುದಲ್ಲ. ನಮ್ಮ ಮೈಯ ಶಾಖವನ್ನು ಹಿಡಿದಿಡುತ್ತದೆ. ಗಿಡಕ್ಕಾದರೋ ಅಂತಹ ಶಾಖವೇ ಇಲ್ಲವೆನ್ನಬಹುದು. ಅದಕ್ಕೆ ಉಳಿದಿರುವುದು ನೆಲದ ಬೆಚ್ಚಗೆಯೊಂದೇ. ಗಾಳಿಯಾಡದ ಹೊದಿಕೆಯೊಳಗೆ ಹನಿಗಟ್ಟಿದ ತೇವಕ್ಕೆ ಹೋಗಲು ದಾರಿಯಿಲ್ಲದೆ ಬಾಳೆ ಕೊಳೆಯಿತು.

ಹಿಮವು ಸಸ್ಯವನ್ನು ಕೊಲ್ಲುವ ಕ್ರಮವೂ ವಿಚಿತ್ರವಾದುದೇ. ಸಾಮಾನ್ಯವಾಗಿ ಮಂಜುಗಡ್ಡೆ ಮೊದಲು ಕಟ್ಟುವುದು ಜೀವಕೋಶಗಳ ಒಳಗಲ್ಲ, ಅವುಗಳ ನಡುವಣ ಎಡೆಗಳಲ್ಲಿ. ಆ ಗಡ್ಡೆಯು ಕೋಶದೊಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಕೋಶ ಸೊರಗಿ, ಅದರ ಪೊರೆ ಕೆಡುತ್ತದೆ. ಹಿಮದಲ್ಲಿ ಸಾಯುವ ಗಿಡ ಒಂದರ್ಥದಲ್ಲಿ ಬಾಯಾರಿಕೆಯಿಂದಲೇ ಸಾಯುತ್ತದೆ. ಎಳೆಯದಾಗಿ ರಸದುಂಬಿದ ಚಿಗುರಿಗೆ ಅಪಾಯ ಹೆಚ್ಚು. ಆದುದರಿಂದ ಬೇಸಗೆಯ ಕೊನೆಯಲ್ಲಿ ಗೊಬ್ಬರವನ್ನು ನಿಲ್ಲಿಸಬೇಕು. ಮೋಡವೂ ಗಾಳಿಯೂ ಇಲ್ಲದ ರಾತ್ರಿ ನೆಲದ ಶಾಖ ಬಯಲಿನ ಆಕಾಶಕ್ಕೆ ಹೋಗಿಬಿಡುವುದರಿಂದ, ಸೂರಿನ ಕೆಳಗೋ ದೊಡ್ಡ ಮರದ ಕೆಳಗೋ ಇರುವ ಗಿಡಕ್ಕೆ ಪೆಟ್ಟು ಕಡಿಮೆ.

ಬಾಳೆಯನ್ನು ಕಾಯಬೇಕಾದ ಕ್ರಮ ಹೀಗೆ. ಮೊದಲ ಹಿಮಕ್ಕೆ ಎಲೆಗಳು ಕಪ್ಪಾಗುತ್ತವೆ. ಅವುಗಳ ಮೇಲಿನ ಆಸೆಯನ್ನು ಬಿಟ್ಟು ಕತ್ತರಿಸಬೇಕು. ಕಂಬದ ಸುತ್ತಲೂ ತಂತಿಯ ಬಲೆಯನ್ನು ನಿಲ್ಲಿಸಿ, ಒಣಹುಲ್ಲನ್ನು ಸಡಿಲವಾಗಿ ತುಂಬಿ, ಮೇಲೆ ಮಾತ್ರ ಮಳೆ ಬೀಳದಂತೆ ಮುಚ್ಚಬೇಕು. ಬದಿಗಳಲ್ಲಿ ಗಾಳಿಯಾಡಲಿ. ನೀರು ನಿಲ್ಲದ ನೆಲವಾದರೆ, ಕಂಬ ಹೋದರೂ ಗೆಡ್ಡೆ ಉಳಿದು ಮತ್ತೆ ಚಿಗುರುತ್ತದೆ. ಆಸ್ಟ್ರೇಲಿಯದಿಂದ ಬಂದ, ಮರದಂತೆ ಬೆಳೆಯುವ ಜರೀಗಿಡದಲ್ಲಿ ಹೀಗಲ್ಲ. ಅದರ ಪ್ರಾಣ ನೆತ್ತಿಯಲ್ಲಿದೆ. ಅಲ್ಲಿಯೇ ಹುಲ್ಲನ್ನಿಟ್ಟು ಕಾಪಾಡಬೇಕು.

ಇಷ್ಟು ಮಾಡಿದರೂ ಗೆಲುವು ನಿಶ್ಚಯವೆಂದು ಹೇಳಲಾರೆ. ಇಂಗ್ಲೆಂಡಿನ ನೈರುತ್ಯ ತುದಿಯಾಚೆ, ಸಿಲಿ ದ್ವೀಪಗಳಲ್ಲೊಂದಾದ ಟ್ರೆಸ್ಕೊದಲ್ಲಿ, 1834ರಲ್ಲಿ ಆ ದ್ವೀಪಗಳನ್ನು ಗುತ್ತಿಗೆಗೆ ಪಡೆದ ಆಗಸ್ಟಸ್ ಸ್ಮಿತ್ ಎಂಬುವರು ಪಾಳುಬಿದ್ದ ಮಠದ ಬಳಿ ತೋಟವನ್ನು ಹಾಕಿದರು. ಕಡಲಗಾಳಿಗೆ ಅಡ್ಡವಾಗಿ ಎತ್ತರದ ಮರಗಳ ಸಾಲನ್ನು ನೆಟ್ಟು, ಅದರ ಮರೆಯಲ್ಲಿ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳ ಗಿಡಗಳನ್ನು ಬಯಲಿನಲ್ಲೇ ಬೆಳೆಸಿದರು. ಒಂದೂವರೆ ಶತಮಾನದ ಆ ಶ್ರಮದ ಬಹುಭಾಗವನ್ನು 1987ರ ಜನವರಿಯ ಹಿಮ ನುಂಗಿತು. 1990ರ ಬಿರುಗಾಳಿ ಕಾವಲಿನ ಮರಗಳನ್ನೇ ಉರುಳಿಸಿತು. ಅಲ್ಲಿನವರು ಮತ್ತೆ ನೆಟ್ಟರು.

ನನ್ನ ಶಿಷ್ಯರೂ ಮತ್ತೆ ನೆಟ್ಟರು. ಎರಡನೆಯ ಚಳಿಗಾಲ ಕಳೆದು ಏಪ್ರಿಲ್ ಕೊನೆಯಲ್ಲಿ ಹುಲ್ಲನ್ನು ತೆಗೆದಾಗ, ಕಂಬದ ತುದಿ ಒಂದು ಗೇಣಿನಷ್ಟು ಮೆತ್ತಗಾಗಿತ್ತಂತೆ. ಗಟ್ಟಿಯಾದ ಬಿಳಿಯ ಭಾಗ ಕಾಣುವವರೆಗೆ ಕೊಯ್ದರು. ಮೇ ತಿಂಗಳಿನಲ್ಲಿ ಸುಳಿ ಬಂದಿತು. ಬುಡದಲ್ಲಿ ಎರಡು ಕಂದುಗಳೂ ಎದ್ದುವು. ಒಂದನ್ನು ನೆರೆಮನೆಯವರು ಕೇಳಿದ್ದಾರಂತೆ. ಕಂದಿನ ಜತೆಗೆ ಒಂದು ಹೊರೆ ಹುಲ್ಲನ್ನೂ ಕೊಡುವುದಾಗಿ ಬರೆದಿದ್ದಾರೆ.