ಭಂಡಾರದ ಲೆಕ್ಕ



ಸರ್ಕಾರದ ಹಣಕಾಸು ಬಯಲಿನಲ್ಲಿರುವುದಕ್ಕೂ ನಾಡಿನ ಆರ್ಥಿಕ ಅಭ್ಯುದಯಕ್ಕೂ ಇರುವ ಸಂಬಂಧವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ, ಬಹುಕಾಲ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದ ನನಗೆ ಆಯವ್ಯಯದ ಗೊಡವೆ ಏಕೆ ಎನ್ನಿಸಿದ್ದುಂಟು. ಆದರೆ ನಮ್ಮ ಸಾಹಿತ್ಯಕ್ಕೆ ಈ ವಿಷಯ ಹೊರಗಿನದಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂಬ ಚಾಡಿ ಬಂದಿತೆಂದೂ, ಲೆಕ್ಕ ನೋಡಲಾಗಿ ಹೊನ್ನು ಕಡಮೆಯಾಗಿರಲಿಲ್ಲವೆಂದೂ ನಮ್ಮ ಪುರಾಣಕಾರರು ಹೇಳುತ್ತಾರೆ. ಭಕ್ತರಿಗೆ ಇದು ಪವಾಡ. ನನಗಾದರೋ, ಲೆಕ್ಕ ಕೇಳಿದಾಗ ಭಂಡಾರದ ಬಾಗಿಲು ತೆರೆಯಿತೆಂಬುದೇ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಒಂದು ಕೊರತೆಯೂ ಇದರಲ್ಲಿದೆ: ಲೆಕ್ಕ ಕೇಳಿದವನು ಅರಸ, ತೆರಿಗೆ ತೆತ್ತ ಒಕ್ಕಲಿಗನಲ್ಲ.

ನಮ್ಮ ಸೀಮೆಯಲ್ಲಿ ಆ ಒಕ್ಕಲಿಗನ ಸರದಿ ಬಹಳ ತಡವಾಗಿ ಬಂದಿತು. ನಿಜಾಮರ ಆಳ್ವಿಕೆಯಲ್ಲಿ ‘ಸರ್ಫೆ ಖಾಸ್’ ಎಂಬ ಸೀಮೆಗಳ ಉತ್ಪನ್ನ ನೇರವಾಗಿ ದೊರೆಯ ಸ್ವಂತ ಖರ್ಚಿಗೆ ಸಲ್ಲುತ್ತಿತ್ತು. ಜಹಗೀರುಗಳ ಉತ್ಪನ್ನ ಜಹಗೀರುದಾರರದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಗಿ, ಮರುವರ್ಷ ಇವೆರಡೂ ರದ್ದಾದ ಮೇಲೆಯೇ ದೊರೆಯ ಹಣ ಬೇರೆ, ಪ್ರಜೆಯ ಹಣ ಬೇರೆ ಎಂಬ ಗೆರೆ ಇಲ್ಲಿ ಸ್ಪಷ್ಟವಾಯಿತು.

ಗೆರೆ ಮೂಡಿದ ಮಾತ್ರಕ್ಕೆ ಸಮೃದ್ಧಿ ಬರಲಿಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 35 ಸೂಚಕಗಳನ್ನಿಟ್ಟುಕೊಂಡು ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ತೂಗಿ ನೋಡಿತು. ಹಿಂದುಳಿದವು 114, ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ನಾವು ಹಿಂದುಳಿದವರೆಂದು ಅದಕ್ಕೂ ಮೊದಲೇ ಎಷ್ಟೋ ಭಾಷಣಗಳಾಗಿದ್ದವು. ತಾಲ್ಲೂಕು ತಾಲ್ಲೂಕಿನ ಅಂಕಿ ಎಲ್ಲರ ಕಣ್ಣಿಗೆ ಬಿದ್ದ ಮೇಲೆ ಅದು ಗೋಳಾಗಿ ಉಳಿಯದೆ ವಾದವಾಯಿತು. ಮುಂದೆ ಸಂವಿಧಾನದ 98ನೆಯ ತಿದ್ದುಪಡಿಯಿಂದ 371 ಜೆ ವಿಧಿ ಬಂದು, 2013ರಲ್ಲಿ ಜಾರಿಯಾಗಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಕಲಬುರಗಿ ನಗರದಲ್ಲಿ ನೆಲೆಗೊಂಡಿತು. ಮಂಡಳಿಗೆ ಘೋಷಿತವಾದ ವಾರ್ಷಿಕ ಮೊತ್ತ 2022-23ರಲ್ಲಿ 3,000 ಕೋಟಿ, ಮರುವರ್ಷ 5,000 ಕೋಟಿ ರೂಪಾಯಿ.

ಮಂಡಳಿಯ ಕಾರ್ಯವೈಖರಿಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದೆ ಇಡಬೇಕೆಂದು ಆ ವಿಧಿಯೇ ಹೇಳುತ್ತದೆ. ಒಳ್ಳೆಯದೇ. ಆದರೆ ಸದನದ ಮೇಜಿನ ಮೇಲಿಟ್ಟ ವರದಿಗೂ ಕಮಲಾಪುರದ ಸಂತೆಗೆ ಬಂದ ರೈತನಿಗೂ ನಡುವೆ ಆರುನೂರು ಕಿಲೋಮೀಟರಿನಷ್ಟು ದೂರವಿದೆ. ಇಟ್ಟದ್ದೆಲ್ಲ ತೆರೆದದ್ದಲ್ಲ.

ಬೀದರ-ಕಲಬುರಗಿ ರೈಲುಮಾರ್ಗವನ್ನೇ ನೋಡಿ. ಸುಮಾರು 110 ಕಿಲೋಮೀಟರಿನ ಈ ದಾರಿ ಮಂಜೂರಾದದ್ದು 1997-98ರಲ್ಲಿ. ಕಮಲಾಪುರವನ್ನು ಹಾದು ಪೂರ್ಣವಾಗಿ ಬಳಕೆಗೆ ಬಂದದ್ದು 2017ರ ಅಕ್ಟೋಬರಿನಲ್ಲಿ. ಯಾವ ಮಾರ್ಗಕ್ಕೆ ಆ ವರ್ಷ ಎಷ್ಟು ಹಣವೆಂಬುದು ರೈಲ್ವೆಯ ಆಯವ್ಯಯ ಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಗುಟ್ಟೇನೂ ಇರಲಿಲ್ಲ. ಓದಿ, ‘ಈ ವರ್ಷ ಇಷ್ಟೇ ಏಕೆ?’ ಎಂದು ಊರೂರಲ್ಲಿ ಕೇಳುವವರು ಸಾಲದಾಗಿದ್ದರು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಮಲಾಪುರದ ಕೆಂಪು ಬಾಳೆಗೆ ಆ ಇಪ್ಪತ್ತು ವರ್ಷಗಳ ಬೆಲೆ ಎಷ್ಟೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಹೊರದೇಶದ ಎರಡು ಸಂಗತಿಗಳನ್ನು ಹೇಳಬಹುದು. ಆಫ್ರಿಕದ ಉಗಾಂಡದಲ್ಲಿ 1991ರಿಂದ 1995ರವರೆಗೆ, ಪ್ರಾಥಮಿಕ ಶಾಲೆಗಳಿಗೆಂದು ಕೇಂದ್ರ ಸರ್ಕಾರ ಕಳುಹಿಸಿದ ಅನುದಾನದ ನೂರು ಪಾಲಿನಲ್ಲಿ ಶಾಲೆ ತಲುಪಿದ್ದು ಸರಾಸರಿ ಹದಿಮೂರು ಪಾಲು. ಇದು ತಿಳಿದಾಗ ಸರ್ಕಾರವು ಜಿಲ್ಲೆಗಳಿಗೆ ಹೋದ ಹಣದ ವಿವರವನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. ಶಾಲೆಗಳಲ್ಲಿ ಬಂದ ಮೊತ್ತವನ್ನು ತೂಗುಹಾಕಿಸಿತು. 2001ರ ವೇಳೆಗೆ ನೂರರಲ್ಲಿ ಎಂಬತ್ತಕ್ಕೂ ಮಿಕ್ಕಿ ತಲುಪುತ್ತಿತ್ತು. ಪತ್ರಿಕೆಯೊಂದರಿಂದಲೇ ಇದಾಯಿತೇ ಎಂದು ಪಂಡಿತರು ಆಮೇಲೆ ವಾದಿಸಿದ್ದಾರೆ. ಆಡಳಿತದ ಇತರ ಸುಧಾರಣೆಗಳೂ ಆಗ ನಡೆದಿದ್ದವು. ಇನ್ನೊಂದು, ಗ್ರೀಸ್ ದೇಶದ್ದು. ತನ್ನ ಕೊರತೆ ಮೊದಲು ಹೇಳಿದ್ದರ ಎರಡರಷ್ಟಕ್ಕೂ ಹೆಚ್ಚೆಂದು 2009ರ ಅಕ್ಟೋಬರಿನಲ್ಲಿ ಅದು ಒಪ್ಪಿಕೊಂಡಾಗ ಸಾಲ ಕೊಡುವವರ ನಂಬಿಕೆ ಕುಸಿಯಿತು, ಬಡ್ಡಿ ಏರಿತು. ಮರುವರ್ಷ ಮೇ ತಿಂಗಳಿಗೆ ನೆರೆರಾಷ್ಟ್ರಗಳ ಮುಂದೆ ಕೈಚಾಚಬೇಕಾಯಿತು. ಬಚ್ಚಿಟ್ಟ ಲೆಕ್ಕದ ದಂಡವನ್ನು ತೆತ್ತವರು ಪಿಂಚಣಿದಾರರು, ಕೆಲಸ ಕಳೆದುಕೊಂಡ ತರುಣರು.

ಈಗ ನಮ್ಮಲ್ಲಿನ ಒಂದು ಪದ್ಧತಿಗೆ ಬರುತ್ತೇನೆ. ‘ಜಮಾಬಂದಿ’ ಎಂಬ ಪದ ಪಾರಸಿಯ ದಾರಿಯಲ್ಲಿ ಕನ್ನಡಕ್ಕೆ ಬಂದದ್ದು. ಹಿಂದೆ ಅದರ ಅರ್ಥ, ಸರ್ಕಾರದ ಅಧಿಕಾರಿ ಊರಿಗೆ ಬಂದು ರೈತನ ಕಂದಾಯದ ಬಾಕಿಯನ್ನು ತೀರ್ಮಾನಿಸುವುದು. ಇಂದು ನಮ್ಮ ಪಂಚಾಯತಿಗಳಲ್ಲಿ ಅದೇ ಹೆಸರಿನಲ್ಲಿ ವರ್ಷಕ್ಕೊಮ್ಮೆ ಗ್ರಾಮದ ಜನರ ಮುಂದೆ ಲೆಕ್ಕಪತ್ರ ಹಾಗೂ ಕಾಮಗಾರಿಗಳ ತಪಾಸಣೆ ನಡೆಯಬೇಕು. ಪದ ಉಳಿದು ಅರ್ಥ ತಲೆಕೆಳಗಾಗಿದೆ. ಲೆಕ್ಕ ಕೊಡುತ್ತಿದ್ದವನು ಲೆಕ್ಕ ಕೇಳುವವನಾದ. ಭಾಷೆಯ ವಿದ್ಯಾರ್ಥಿಗೆ ಇಂಥ ಅರ್ಥಪಲ್ಲಟ ಅಪರೂಪದ ಸಂತೋಷ. ಎಷ್ಟೋ ಕಡೆ ಅದು ಸಹಿ ಹಾಕುವ ಶಾಸ್ತ್ರವಾಗಿ ಮುಗಿಯುತ್ತದೆಂಬುದೂ ಸುಳ್ಳಲ್ಲ.

ಕಮಲಾಪುರ ಸೀಮೆಯ ಒಂದು ಹಳ್ಳಿಯಲ್ಲಿ (ಹೆಸರು ಬೇಡ) ಅಂಥ ಒಂದು ಸಭೆಗೆ ನಾನು ಹೋಗಿದ್ದೆ. ಬಾಳೆ ಬೆಳೆಯುವ ರೈತರೊಬ್ಬರು, ತಮ್ಮ ಹೊಲದ ದಾರಿಯ ಒಂದೇ ಕಾಮಗಾರಿ ಎರಡು ವರ್ಷದ ಪುಸ್ತಕಗಳಲ್ಲಿ ಏಕಿದೆ ಎಂದು ಕೇಳಿದರು. ಅವರದು ಕೋಪದ ದನಿಯಲ್ಲ. ಮಳೆಗಾಲದಲ್ಲಿ ಆ ದಾರಿ ಕಡಿದುಹೋಗಿ ಗೊನೆಗಳು ಗಾಡಿಯಲ್ಲೇ ಹಣ್ಣಾಗಿ ಕೆಡುತ್ತಿದ್ದವು. ಸಭೆಯೆಲ್ಲ ಎದ್ದು ಸ್ಥಳಕ್ಕೆ ನಡೆಯಿತು. ಎರಡನೆಯ ವರ್ಷದ ಕೆಲಸ ಅಲ್ಲಿ ಕಾಣಲಿಲ್ಲ. ಅದನ್ನು ನಡಾವಳಿಯಲ್ಲಿ ದಾಖಲಿಸಿದರು.

ಅಂದಾಜುಪಟ್ಟಿ ಇಂಗ್ಲಿಷಿನಲ್ಲಿತ್ತು. ಓದಿ ಹೇಳುತ್ತಿದ್ದ ಕಾಲೇಜು ಹುಡುಗ ‘ಕಲ್ವರ್ಟ್’ ಎಂಬಲ್ಲಿಗೆ ನಿಂತು, ನಡಾವಳಿಯಲ್ಲಿ ಕನ್ನಡದಲ್ಲಿ ಏನೆಂದು ಬರೆಯಲಿ ಎಂದು ನನ್ನ ಕಡೆ ನೋಡಿದ. ‘ಕಿರುಸೇತುವೆ’ ಎಂದೆ. ಪಕ್ಕದಲ್ಲಿದ್ದ ಹಿರಿಯರು, “ಸಣ್ಣ ಪೂಲ್ ಅಂತ ಬರೀರಿ, ಎಲ್ಲರಿಗೂ ತಿಳೀತದ” ಎಂದರು. ಹಾಗೆಯೇ ಬರೆದರು.