ನಾಯಕನಿಲ್ಲದ ದಿನ
(ಸ್ವಯಂಸೇವಕರ ಶಿಬಿರದಲ್ಲಿ ಮಾಡಿದ ಭಾಷಣ)



ನಾಯಕನ ಯೋಗ್ಯತೆಗೆ ಹೂಮಾಲೆಯಾಗಲಿ ಜಯಘೋಷವಾಗಲಿ ಪ್ರಮಾಣವಾಗಲಾರದು. ಅವನಿಲ್ಲದ ದಿನವೇ ಅದರ ನಿಜವಾದ ಪರೀಕ್ಷೆ. ಈ ಮಾತಿಗೆ ೧೯೩೦ನೆಯ ಇಸವಿಯ ಉಪ್ಪಿನ ಸತ್ಯಾಗ್ರಹವನ್ನೇ ಸಾಕ್ಷಿಯಾಗಿ ಕರೆಯುತ್ತೇನೆ.

ಯಾತ್ರೆ ಹೊರಡುವ ಮುನ್ನವೇ, ಮಾರ್ಚ್ ೭ರಂದು, ಸರದಾರ ವಲ್ಲಭಭಾಯಿಯವರು ಬಂಧಿತರಾದರು. ಆದರೂ ೧೨ರ ಬೆಳಿಗ್ಗೆ ಯಾತ್ರೆ ತಪ್ಪದೆ ಸಾಬರಮತಿಯಿಂದ ಹೊರಟಿತು. ಗುಜರಾತ ವಿದ್ಯಾಪೀಠದ ತರುಣರು ಮುಂದಾಗಿ ನಡೆದು ಹಳ್ಳಿಹಳ್ಳಿಯ ಏರ್ಪಾಡನ್ನು ನೋಡಿಕೊಂಡರು. ಏಪ್ರಿಲ್ ೬ರಂದು ದಂಡಿಯಲ್ಲಿ ಕಾಯದೆ ಮುರಿಯಿತು. ೧೩ರಂದು ನಮ್ಮ ಅಂಕೋಲೆಯಲ್ಲಿಯೂ ಮುರಿಯಿತು. ಅಂಕೋಲೆಯಲ್ಲಿ ಗಾಂಧೀಜಿಯವರು ಇರಲಿಲ್ಲ; ಅವರು ಬರಲೆಂದು ಯಾರೂ ಕಾದು ಕುಳಿತಿರಲೂ ಇಲ್ಲ.

ಮೇ ೪ರ ನಡುರಾತ್ರಿ ಕಳೆದೊಡನೆ ಗಾಂಧೀಜಿಯವರನ್ನೇ ಸೆರೆಹಿಡಿದರು. ಮುಂದೆ ಯಾರು ನಡೆಸಬೇಕೆಂಬುದು ಮೊದಲೇ ಗೊತ್ತಾಗಿದ್ದಿತು. ವೃದ್ಧರಾದ ಅಬ್ಬಾಸ ತಯ್ಯಬಜಿಯವರು ಮುಂದಾದರು. ಅವರೂ ಸೆರೆಯಾಗಲು ಸರೋಜಿನೀ ದೇವಿಯವರು ಆ ಭಾರವನ್ನು ಹೊತ್ತರು. ಮೇ ೨೧ರಂದು ಧಾರಾಸನಾದಲ್ಲಿ ಸುಮಾರು ೨,೫೦೦ ಮಂದಿ ಸ್ವಯಂಸೇವಕರು ಸೇರಿದ್ದರು. ಅವರು ಸಾಲುಸಾಲಾಗಿ ನಡೆದು ಲಾಠಿಯೇಟಿಗೆ ತಲೆಯೊಡ್ಡಿದರು, ಪ್ರತಿಯಾಗಿ ಕೈಯೆತ್ತಲಿಲ್ಲ. ಗಾಂಧೀಜಿಯವರು ಆಗ ಯರವಡಾ ಸೆರೆಮನೆಯಲ್ಲಿ. ಆಜ್ಞೆಯನ್ನು ಕೊಟ್ಟವರು ದೂರವಾಗಿದ್ದರೂ ನಿಯಮವು ಒಬ್ಬೊಬ್ಬನ ಎದೆಯಲ್ಲಿಯೂ ನೆಲೆಸಿದ್ದಿತು.

ಇದು ತಾನಾಗಿ ಬರುವ ಗುಣವಲ್ಲ. ವಕೀಲಿ ವೃತ್ತಿಯವನಾದ ನಾನು ಒಂದು ಮಾತು ಬಲ್ಲೆ: ಕಾಗದಪತ್ರಗಳೆಲ್ಲ ಹಿರಿಯ ವಕೀಲನೊಬ್ಬನ ಪೆಟ್ಟಿಗೆಯಲ್ಲಿಯೇ ಇದ್ದರೆ, ಅವನು ಜ್ವರದಿಂದ ಮಲಗಿದ ದಿನ ಕಕ್ಷಿದಾರನು ಕೆಟ್ಟಂತೆಯೇ ಸರಿ. ಸಂಘದ ಲೆಕ್ಕವೂ ಹಾಗೆಯೇ. ಅದನ್ನು ಇಬ್ಬರಾದರೂ ಅರಿತಿರಬೇಕು. ಕೆಲಸವನ್ನು ಒಪ್ಪಿಸುವಾಗ ಅಧಿಕಾರವನ್ನೂ ಒಪ್ಪಿಸಬೇಕು. ಕಿರಿಯನು ತಡವರಿಸಿದೊಡನೆ ಹಿರಿಯನು ಕೈಹಾಕಬಾರದು. ತನ್ನ ಬಳಿಕ ಯಾರೆಂಬುದನ್ನು ತಾನು ಗಟ್ಟಿಯಾಗಿರುವಾಗಲೇ ಹೇಳಿಬಿಡಬೇಕು.

ಹೀಗೆ ಹಂಚಿದರೆ ಶಿಸ್ತು ಉಳಿದೀತೇ ಎಂದು ಕೆಲವರು ಶಂಕಿಸುವರು. ಇಲ್ಲಿರುವ ಉಪಾಧ್ಯಾಯ ಬಂಧುಗಳನ್ನೇ ಕೇಳುತ್ತೇನೆ: ಗುರುಗಳು ಹೊರಗೆ ಹೋದೊಡನೆ ಗದ್ದಲವೇಳುವ ತರಗತಿಯಲ್ಲಿ ಶಿಸ್ತು ಎಂದಾದರೂ ಇದ್ದಿತೇ? ಅಲ್ಲಿದ್ದುದು ಬೆತ್ತದ ಅಂಜಿಕೆ ಮಾತ್ರ.

ತಾನಿಲ್ಲದೆ ಏನೂ ನಡೆಯದೆಂಬ ಮಾತು ನಾಯಕನ ಕಿವಿಗೆ ಇಂಪಾಗಿರುತ್ತದೆ. ಸಂಘಕ್ಕೆ ಅದೇ ವಿಷ. ಆಲದ ಮರವನ್ನು ನೋಡಿರಿ. ಬಿಳಲುಗಳು ನೆಲಕ್ಕಿಳಿದು ಬೇರೂರಿದ ಮೇಲೆ ನಡುಗಾಂಡ ಲಡ್ಡಾದರೂ ಮರ ಬೀಳದು. ಬಂಧುಗಳೇ, ನಮ್ಮ ನಮ್ಮ ಊರುಗಳ ಸಂಘಗಳಲ್ಲಿ ಬಿಳಲುಗಳನ್ನು ಕತ್ತರಿಸದೆ ನೆಲ ಮುಟ್ಟಗೊಡೋಣ.