ಕೂತವರು ಏಳಲಿ, ನಿಂತವರು ಕೂರಲಿ



ಕಪ್ಪು-ಬಸಿ ತೊಳೆದು, ಟೇಬಲು ಒರಸಿ, ಸಪ್ಲಾಯರರಾಗಿ ಓಡಾಡಿ ಬೆಳೆದವರು ನಾವು. ಗಲ್ಲಾದಲ್ಲಿ ಕೂರುವ ಕೆಲಸ ಸಿಕ್ಕಿದರೆ ಭಾಗ್ಯ ತೆರೆಯಿತೆಂದು ಊರಿಗೆ ತಿಳಿಸುತ್ತೇವೆ. 1982ರ ಮುಷ್ಕರದ ನಂತರ ಪರೇಲ್, ಲಾಲ್‌ಬಾಗಿನ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಮಗ್ಗದೆದುರು ನಿಂತು ದುಡಿದ ಎಷ್ಟೋ ಅಣ್ಣಂದಿರು ವಾಚ್‌ಮನ್ನರ ಕುರ್ಚಿಗೆ ಬಂದರು. ಆ ಕುರ್ಚಿಯೂ ಆಯುಷ್ಯ ತಿನ್ನುತ್ತದೆ.

1953ರಲ್ಲಿ ಡಾ. ಜೆರಿ ಮಾರಿಸ್ ಲಂಡನಿನ ಬಸ್ ನೌಕರರ ಆರೋಗ್ಯದ ಕುರಿತು ತಮ್ಮ ಶೋಧವನ್ನು ಪ್ರಕಟಿಸಿದರು. ದಿನವಿಡೀ ಕೂತ ಡ್ರೈವರರಲ್ಲಿ ಹೃದಯದ ಕಾಯಿಲೆ ಹೆಚ್ಚು. ಅದೇ ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿ ಇಳಿದ ಕಂಡಕ್ಟರರಲ್ಲಿ ಕಡಿಮೆ.

ಇಂದು ನಮ್ಮ ಕೈಗೆ ಸ್ಮಾರ್ಟ್‌ಫೋನು ಬಂದಿದೆ. ಮೈಯ ಅಲುಗಾಟ ಗುರುತಿಸಿ ಅದು ಹೆಜ್ಜೆ ಎಣಿಸುತ್ತದೆ. ಗಲ್ಲಾದ ಮೇಲಿಟ್ಟರೆ ಎಣಿಸದು, ಕಿಸೆಯಲ್ಲಿರಬೇಕು. ಒಂದು ವಾರದ ಲೆಕ್ಕ ನೋಡಿರಿ. ಅರ್ಧ ಗಂಟೆಗೊಮ್ಮೆ ಅಲಾರಂ ಇಟ್ಟು, ಬಾರಿಸಿದೊಡನೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ವ್ಯಾಯಾಮವಿರಲಿ, ಕೂರುವುದು ಕಡಿಮೆಯಾಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದೇ ಫೋನಿನಲ್ಲಿ ರಾತ್ರಿಯೆಲ್ಲ ಸಿನೆಮಾ ನೋಡುತ್ತ ಕೂತರೆ ಗಳಿಸಿದ್ದೆಲ್ಲ ನೀರುಪಾಲು.

ಆದರೆ ಬೆಳಗಿನಿಂದ ರಾತ್ರಿಯವರೆಗೆ ನಿಂತ ಸಪ್ಲಾಯರ್ ತಮ್ಮನಿಗೆ ಈ ಉಪದೇಶ ಬೇಡ. ಅವನಿಗೆ ಬೇಕಾದುದು ಒಂದು ಸ್ಟೂಲು. ಗಲ್ಲಾದವನಿಗೆ ಏಳಲು ಬಿಡುವು, ಸಪ್ಲಾಯರನಿಗೆ ಕೂರಲು ಬಿಡುವು: ಎರಡನ್ನೂ ಧಣಿಗಳಲ್ಲಿ ಕೇಳುವುದು ಸಂಘದ ಕೆಲಸ. ಫೋನು ಲೆಕ್ಕ ತೋರಿಸೀತು. ಬಿಡುವನ್ನು ನಮ್ಮ ಒಗ್ಗಟ್ಟೇ ಗಳಿಸಬೇಕು.